ಅಂಗಡಿಗೆ ಬಂದ ತಂತಿ

ಸಣ್ಣ ವ್ಯಾಪಾರ ನಡೆಸುವ ನಮ್ಮ ಬಾಂಧವರು ಇತ್ತೀಚೆಗೆ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಅಂಗಡಿಗೆ ಯಾವ ಬಗೆಯ ಇಂಟರ್‌ನೆಟ್ ಸಂಪರ್ಕ ಹಾಕಿಸಿಕೊಂಡರೆ ಒಳ್ಳೆಯದು? ವಿಜ್ಞಾನದ ಪದವಿ ಪಡೆದು, ಕೇಂದ್ರ ಸರ್ಕಾರದ ಕಡತಗಳ ನಡುವೆ ಕಾಲ ಕಳೆಯುತ್ತಿರುವ ನಮ್ಮಂಥವರಿಗೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವ ಧೈರ್ಯವಿಲ್ಲ. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಅದನ್ನು ತಿಳಿದರೆ ಉತ್ತರ ಹುಡುಕುವ ದಾರಿ ಸ್ವಲ್ಪ ಸುಗಮವಾದೀತೆಂದು ಈ ಬರಹ.

ಮುಂಬಯಿ, ಕಲಕತ್ತೆ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದದ್ದು 1882ರ ಜನವರಿಯಲ್ಲಿ. ಅಲ್ಲಿಂದ ಮುಂದಿನ ನೂರು ವರ್ಷ ಸಣ್ಣ ವ್ಯಾಪಾರಿಯನ್ನು ‘ನಿನಗೆ ಯಾವ ತಂತಿ ಬೇಕು?’ ಎಂದು ಕೇಳಿದವರೇ ಇಲ್ಲ. ಒಂದು ತಂತಿ ಸಿಕ್ಕರೆ ಅದೇ ಪುಣ್ಯ. ಸ್ವಾತಂತ್ರ್ಯಾನಂತರ ‘ಓ.ವೈ.ಟಿ.’ ಎಂಬ ಯೋಜನೆ ಬಂತು. ಮುಂಗಡವಾಗಿ ದೊಡ್ಡ ಮೊತ್ತ ಕಟ್ಟಿದವರಿಗೆ ಸರದಿಯಲ್ಲಿ ಆದ್ಯತೆ. ಕಟ್ಟಲಾರದವರು ಸಾಮಾನ್ಯ ಪಟ್ಟಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಅಪ್ಪ ಬರೆಸಿದ ಅರ್ಜಿಗೆ ಮಗ ಗಲ್ಲದ ಮೇಲೆ ಕುಳಿತ ಕಾಲಕ್ಕೆ ಫೋನು ಬಂದ ಕಥೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಅಲ್ಲಿಯವರೆಗೆ ಪಕ್ಕದ ಅಂಗಡಿಯವರ ನಂಬರನ್ನೇ ತಮ್ಮ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಮುಂದೆ ‘ಪಿ.ಪಿ.’ ಎಂದು ಸೇರಿಸುವ ಪದ್ಧತಿಯಿತ್ತು. ಹೀಗೆ ಎರವಲು ನಂಬರಿನಿಂದ ವ್ಯಾಪಾರ ಮಾಡುವುದೆಂದರೆ ಪಕ್ಕದವರ ಮನಸ್ಸು ಕೆಡಿಸಿಕೊಳ್ಳದೆ ಬದುಕುವುದು ಎಂದರ್ಥ. ಈ ಎರವಲು ನಂಬರಿನ ವಿಚಾರಕ್ಕೆ ಮುಂದೆ ಇನ್ನೊಮ್ಮೆ ಬರಬೇಕಾಗಿದೆ.

ದೊಡ್ಡ ಕಂಪನಿಗಳಿಗೆ 1960ರ ದಶಕದಿಂದ ಟೆಲೆಕ್ಸ್ ಇತ್ತು. ಸಣ್ಣವರಿಗೆ ಟೆಲಿಗ್ರಾಂ ಮತ್ತು ಟ್ರಂಕ್ ಕಾಲ್. ಮಾಟುಂಗಾದ ಉಡುಪಿ ಹೋಟೆಲಿನವರು ಊರಿನಿಂದ ಅಡುಗೆಯವರನ್ನು ಕರೆಸಬೇಕಾದರೂ, ಕಾಫಿಬೀಜದ ಧಾರಣೆ ಕೇಳಬೇಕಾದರೂ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರ್ಜೆಗಳು. ಅವಸರ ಹೆಚ್ಚಿದಷ್ಟೂ ದರವೂ ಹೆಚ್ಚು. ವೇಗವನ್ನು ದುಡ್ಡು ಕೊಟ್ಟು ಕೊಳ್ಳಬಹುದೆಂಬ ಪಾಠವನ್ನು ನಮ್ಮ ವ್ಯಾಪಾರಿಗಳು ಕಲಿತದ್ದು ಇಲ್ಲಿಯೇ ಎನ್ನಬಹುದು. 1960ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಎಸ್‌ಟಿಡಿ ಪ್ರಾರಂಭವಾಯಿತಾದರೂ ಅದು ನಮ್ಮೂರುಗಳನ್ನು ತಲುಪಲು ದಶಕಗಳೇ ಹಿಡಿದವು.

ಕಾಲ ಬದಲಾದದ್ದು 1980ರ ದಶಕದಲ್ಲಿ. 1984ರಲ್ಲಿ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾಗಿ, ಭಾರತದ ಧೂಳು ಸೆಕೆಗಳನ್ನು ತಾಳಿಕೊಳ್ಳುವ, ಹವಾನಿಯಂತ್ರಣ ಬೇಡದ ಸಣ್ಣ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದನ್ನು 1986ರಲ್ಲಿ ಮೊದಲು ಸ್ಥಾಪಿಸಿದ್ದು ಬೇರೆಲ್ಲಿಯೂ ಅಲ್ಲ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು ಎಂದರೆ 1824 ಮಾತ್ರ ನೆನಪಿಗೆ ಬರುವ ನಮಗೆ ಈ ಎರಡನೆಯ ಇಸವಿಯೂ ನೆನಪಿರಬೇಕು. ಅದೇ 1986ರ ಏಪ್ರಿಲ್ ಒಂದರಂದು ಮುಂಬಯಿ ಮತ್ತು ದಿಲ್ಲಿಗಳ ದೂರವಾಣಿ ವ್ಯವಸ್ಥೆ ಎಂ.ಟಿ.ಎನ್.ಎಲ್. ಕೈಗೂ, ವಿದೇಶ ಸಂಪರ್ಕ ವಿ.ಎಸ್.ಎನ್.ಎಲ್. ಕೈಗೂ ಹೋದವು.

ಬಳಿಕ ಬೀದಿ ಬೀದಿಯಲ್ಲೂ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ತಲೆಯೆತ್ತಿದವು. ದೂರಸಂಪರ್ಕವೇ ಸಣ್ಣ ವ್ಯಾಪಾರವಾದದ್ದು ಇಲ್ಲಿ. ಅದುವರೆಗೆ ತಂತಿಗಾಗಿ ಅಂಗಲಾಚುತ್ತಿದ್ದ ಸಣ್ಣ ಅಂಗಡಿಯವನೇ ತಂತಿಯನ್ನು ಮಾರಲು ಕುಳಿತ. ರಾತ್ರಿ ಹನ್ನೊಂದಕ್ಕೆ ಕಾಲು ದರ ಶುರುವಾದೊಡನೆ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ ಹೋಟೆಲ್ ಹುಡುಗರು, ಕೆಂಪು ಅಂಕಿಗಳು ಓಡುವ ಮೀಟರಿನ ಮೇಲೆ ಒಂದು ಕಣ್ಣಿಟ್ಟು ಅಮ್ಮನೊಡನೆ ತುಳುವಿನಲ್ಲೋ ಕನ್ನಡದಲ್ಲೋ ಕೂಗಿ ಮಾತನಾಡುತ್ತಿದ್ದ ದೃಶ್ಯ ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಆ ಕಾಲದ ಬೂತಿನವರಿಗೆ ಒಂದು ಎಚ್ಚರವಿತ್ತು. ಲೈನು ಕೆಟ್ಟ ದಿನ ಆ ದಿನದ ಅನ್ನ ಹೋಯಿತು. ಆದ್ದರಿಂದ ಲೈನ್‌ಮನ್ ಜೊತೆ ಸ್ನೇಹ ಇಟ್ಟುಕೊಳ್ಳುವುದು, ಕೂಡಿಬಂದರೆ ಬೇರೆ ಕೇಂದ್ರದಿಂದ ಎರಡನೆಯ ಲೈನು ಪಡೆಯುವುದು ಅವರ ನಿತ್ಯದ ವ್ಯವಹಾರಜ್ಞಾನವಾಗಿತ್ತು. ಇಂದಿನ ಅಂಗಡಿಯವರಿಗೆ ಈ ಎಚ್ಚರ ಕಡಿಮೆಯಾಗಿದೆ ಎಂದು ನಮ್ಮ ಅಭಿಪ್ರಾಯ.

ನಿಜವಾಗಿ ‘ಆಯ್ಕೆ’ ಎಂಬುದು ಮೊದಲು ಎದುರಾದದ್ದು ಶೇರು ದಲ್ಲಾಳಿಗಳಿಗೆ. 1994ರಲ್ಲಿ ವಹಿವಾಟು ಆರಂಭಿಸಿದ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರವು ನೆಲದ ತಂತಿಯನ್ನು ನಂಬದೆ, ದಲ್ಲಾಳಿಗಳ ಗಚ್ಚಿಯ ಮೇಲೆ ವಿಸ್ಯಾಟ್ ತಟ್ಟೆಗಳನ್ನು ಇರಿಸಿ ಉಪಗ್ರಹದ ಮೂಲಕವೇ ವ್ಯಾಪಾರ ನಡೆಸಿತು. ಇದರ ಭೌತಶಾಸ್ತ್ರ ಸ್ವಾರಸ್ಯಕರ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸಂದೇಶ ಮೇಲೆ ಹೋಗಿ ಕೆಳಗೆ ಬರಲು 72,000 ಕಿಲೋಮೀಟರ್. ಬೆಳಕಿನ ವೇಗದಲ್ಲಿ ಸುಮಾರು ಕಾಲು ಸೆಕೆಂಡು. ಉತ್ತರ ಮರಳಿ ಬರಲು ಇನ್ನೊಂದು ಕಾಲು ಸೆಕೆಂಡು. ಎಷ್ಟೇ ದುಡ್ಡು ಸುರಿದರೂ ಈ ಅರ್ಧ ಸೆಕೆಂಡು ಕಡಿಮೆಯಾಗದು. ಆದರೂ ಮುಂಬಯಿಯ ಹೊರಗಿದ್ದ ಸಣ್ಣ ಊರಿನ ದಲ್ಲಾಳಿಗೆ ದಲಾಲ್ ಸ್ಟ್ರೀಟಿನವರೊಡನೆ ಸರಿಸಮಾನವಾಗಿ ಕೂರುವ ಅವಕಾಶ ಇದರಿಂದ ಬಂತು. ಅವನಿಗೆ ಬೇಕಾದದ್ದು ಅತಿ ವೇಗವಲ್ಲ, ಮಾರುಕಟ್ಟೆ ತೆರೆದಿರುವಷ್ಟು ಹೊತ್ತೂ ಕಡಿಯದ ಸಂಪರ್ಕ. ತನಗೆ ಬೇಕಾದದ್ದೇನು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಅದಕ್ಕೂ ಮೊದಲು ಈ ಸೌಲಭ್ಯ ಇದ್ದುದು ‘ಅರ್ನೆಟ್’ ಎಂಬ ಜಾಲದ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ, ಐ.ಐ.ಟಿ.ಗಳಂಥ ವಿದ್ಯಾಸಂಸ್ಥೆಗಳಿಗೆ ಮಾತ್ರ. ಪ್ರಾರಂಭದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಬರೀ ಅಕ್ಷರ ತೋರಿಸುವ ಅಗ್ಗದ ಖಾತೆ ಒಂದು, ಚಿತ್ರವನ್ನೂ ತೋರಿಸುವ ದುಬಾರಿ ಖಾತೆ ಇನ್ನೊಂದು. ಸೇವೆ ಶುರುವಾದ ಹೊಸದರಲ್ಲಿ ಬಂದವರ ನೂಕುನುಗ್ಗಲಿಗೆ ಮೋಡೆಮ್‌ಗಳು ಸಾಲದೆ, ಸಂಸ್ಥೆಯ ಮುಖ್ಯಸ್ಥರೇ ತಯಾರಿ ಸಾಲದಾಯಿತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಸರ್ಕಾರಿ ಸಂಸ್ಥೆಯ ಮುಖ್ಯಸ್ಥರು ಹಾಗೆ ಒಪ್ಪಿಕೊಳ್ಳುವುದು ಅಪರೂಪವೆಂದು, ಸರ್ಕಾರಿ ನೌಕರರಾದ ನಾವು ಗೌರವದಿಂದಲೇ ದಾಖಲಿಸುತ್ತೇವೆ.

ಈ 9.6 ಎಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ನಗರದ ಸಣ್ಣ ಡಿ.ಟಿ.ಪಿ. ಅಂಗಡಿಯನ್ನು ತೆಗೆದುಕೊಳ್ಳೋಣ. ಲಗ್ನಪತ್ರಿಕೆ, ಸಂಘದ ಆಮಂತ್ರಣ, ಯಕ್ಷಗಾನದ ಕರಪತ್ರ ಇವೇ ಅವರ ಕೆಲಸ. ಚಿತ್ರವಿರುವ ಒಂದು ಪುಟ 10 ಮೆಗಾಬೈಟ್ ಎಂದಿಟ್ಟುಕೊಂಡರೆ, ಅದನ್ನು ಆ ವೇಗದಲ್ಲಿ ಮುದ್ರಣಾಲಯಕ್ಕೆ ಕಳುಹಿಸಲು ಸುಮಾರು ಎರಡೂವರೆ ಗಂಟೆ ಬೇಕು, ಅದೂ ನಡುವೆ ಲೈನು ಕಡಿಯದಿದ್ದರೆ. ಅದೇ ಪುಟವನ್ನು ಏಳು ಫ್ಲಾಪಿಗಳಿಗೆ ತುಂಬಿಸಿ ಹುಡುಗನ ಕೈಗೆ ಕೊಟ್ಟರೆ, ಅವನು ಲೋಕಲ್ ಟ್ರೇನ್ ಹಿಡಿದು ಕುರ್ಲಾದಿಂದ ದಾದರಿಗೆ ಹೋಗಿ, ಪುಟ ಒಪ್ಪಿಸಿ, ವಡಾಪಾವ್ ತಿಂದು ಮರಳಿ ಬರುವಷ್ಟು ಸಮಯ ಅದು. ಮುಂದೆ 56 ಕಿಲೋಬಿಟ್‌ನ ಮೋಡೆಮ್ ಬಂದಾಗಲೂ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಆ 56 ಎಂಬುದು ಇಳಿಯುವ ವೇಗ, ಅಂದರೆ ಹೊರಗಿನಿಂದ ನಮ್ಮ ಕಡೆಗೆ ಬರುವುದು. ನಮ್ಮಿಂದ ಹೊರಗೆ ಹೋಗುವ ಏರುವ ವೇಗ 33.6 ಮಾತ್ರ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಂಗಡಿಯ ಒಂದೇ ಒಂದು ಫೋನು ‘ಎಂಗೇಜ್’. ಲಗ್ನದ ಋತುವಿನಲ್ಲಿ ಫೋನು ಮಾಡಿದ ಗಿರಾಕಿ ಇನ್ನೊಂದು ಅಂಗಡಿಗೆ ಹೋಗದೆ ಇರುತ್ತಾನೆಯೇ? ಅಂಥವರು ಅನೇಕರು ಫ್ಲಾಪಿಯನ್ನೂ ಅನಂತರ ಸಿ.ಡಿ.ಯನ್ನೂ ನೆಚ್ಚಿಕೊಂಡೇ ವರ್ಷಗಳನ್ನು ಕಳೆದರು. ಅವರು ಹಿಂದುಳಿದವರೆಂದು ನಕ್ಕವರಿದ್ದರು. ಲೆಕ್ಕ ಮಾತ್ರ ಅವರ ಕಡೆಗೇ ಇತ್ತು.

ಈ ತೊಡಕಿಗೆ ಐ.ಎಸ್.ಡಿ.ಎನ್. ಎಂಬ ಪರಿಹಾರವಿತ್ತು. ತಲಾ 64 ಕಿಲೋಬಿಟ್‌ನ ಎರಡು ದಾರಿಗಳು, ಒಂದರಲ್ಲಿ ಮಾತು, ಇನ್ನೊಂದರಲ್ಲಿ ಮಾಹಿತಿ. ಒಳ್ಳೆಯದೇ, ಆದರೆ ಸಣ್ಣವರ ಕೈಗೆಟುಕದೆ ಉಳಿಯಿತು. ಲೀಸ್ಡ್ ಲೈನಿನ ಮಾತಂತೂ ದೊಡ್ಡ ಕಚೇರಿಗಳಿಗೇ ಮೀಸಲು. 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಪರವಾನಗಿ ಕೊಡಲು ಆರಂಭವಾಗಿ, ವಿ.ಎಸ್.ಎನ್.ಎಲ್.ನ ಏಕಸ್ವಾಮ್ಯ ಮುಗಿಯಿತು. ದರ ಇಳಿಯಿತು. ಎಸ್‌ಟಿಡಿ ಬೂತಿನ ಜಾಗದಲ್ಲಿ ಸೈಬರ್ ಕೆಫೆಗಳು ಬಂದವು.

2004ರ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿಯು 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದು ನಿರ್ಣಯಿಸಿತು. 2005ರ ಜನವರಿಯಿಂದ ಬಿ.ಎಸ್.ಎನ್.ಎಲ್. ಮತ್ತು ಎಂ.ಟಿ.ಎನ್.ಎಲ್.ಗಳು ಹಳೆಯ ತಾಮ್ರದ ಫೋನ್ ತಂತಿಯ ಮೇಲೆಯೇ ಇದನ್ನು ಕೊಡತೊಡಗಿದವು. ಮನುಷ್ಯನ ಮಾತಿಗೆ ಬೇಕಾದ ಕಂಪನಗಳು 4 ಕಿಲೋಹರ್ಟ್ಸ್‌ನೊಳಗೆ ಮುಗಿಯುತ್ತವೆ. ಅದಕ್ಕಿಂತ ಮೇಲಿನ ಜಾಗ ತಂತಿಯಲ್ಲಿ ಖಾಲಿಯೇ ಬಿದ್ದಿತ್ತು. ಅದರಲ್ಲಿ ಮಾಹಿತಿ ಕಳುಹಿಸಿದರೆ ಮಾತೂ ನಡೆಯಿತು, ಇಂಟರ್‌ನೆಟ್ಟೂ ನಡೆಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ನಾವು ತಂತಿಯ ಬಹುಪಾಲನ್ನು ಉಪಯೋಗಿಸದೆ ಬಿಟ್ಟಿದ್ದೆವು ಎಂದಾಯಿತು! ಆದರೆ ಎರಡು ಷರತ್ತುಗಳಿದ್ದವು. ವಿನಿಮಯ ಕೇಂದ್ರದಿಂದ ದೂರವಾದಂತೆಲ್ಲ ವೇಗ ಕುಸಿಯುತ್ತದೆ. ಕೆಲವು ಕಿಲೋಮೀಟರ್ ದಾಟಿದರೆ ದೊರೆಯುವುದೇ ಇಲ್ಲ. ಎರಡನೆಯದಾಗಿ, ಈ ತಂತ್ರಜ್ಞಾನದ ಹೆಸರಿನಲ್ಲಿಯೇ ‘ಅಸಮ’ ಎಂಬ ವಿಶೇಷಣವಿದೆ. ಇಳಿಯುವುದು ಹೆಚ್ಚು, ಏರುವುದು ಕಡಿಮೆ. ಮನೆಯಲ್ಲಿ ಕುಳಿತು ಓದುವವರಿಗೆ, ನೋಡುವವರಿಗೆ ಇದು ಸರಿ. ಪುಟ ಕಳುಹಿಸುವ ಡಿ.ಟಿ.ಪಿ.ಯವರಿಗೆ, ಮದುವೆಯ ಫೋಟೋ ಕಳುಹಿಸುವ ಸ್ಟುಡಿಯೋದವರಿಗೆ ತಲೆಕೆಳಗು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇದ್ದುದು ಇಳಿಯುವ ವೇಗ. ಏರುವ ವೇಗವನ್ನು ಕೇಳಿದ ಅಂಗಡಿಯವರು ಎಷ್ಟು ಮಂದಿ ಇದ್ದರೋ! ತಿಂಗಳಿಗೆ ಇಷ್ಟೇ ಎಂಬ ಮಿತಿಯೂ ಇತ್ತು. ಬಿ.ಎಸ್.ಎನ್.ಎಲ್.ನ ಒಂದು ಯೋಜನೆಯಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಲೆಕ್ಕವಿಲ್ಲ. ಹನ್ನೊಂದರ ಕಾಲು ದರಕ್ಕೆ ಕಾದ ಜನ ಈಗ ಎರಡರ ಅಲಾರಂ ಇಟ್ಟು ಎದ್ದರು.

ಅದೇ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನೆಲದಡಿಯ ತಾಮ್ರದ ಕೇಬಲ್ಲುಗಳಿಗೆ ನೀರು ಎಂಥ ಶತ್ರು ಎಂಬುದು ಊರಿಗೆಲ್ಲ ಗೊತ್ತಾಯಿತು.

ಇತ್ತ ನೆಲದ ಮೇಲಿನ ಸರ್ಕಾರಿ ತಂತಿಗೆ ಪೈಪೋಟಿಯಾಗಿ ಗಚ್ಚಿಯಿಂದ ಗಚ್ಚಿಗೆ ಹಾರುವ ಕೇಬಲ್‌ವಾಲಾನ ತಂತಿ ಬಂದಿತ್ತು. ಇದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ನಮ್ಮ ಊರಿನದೇ ತಂತ್ರ. ಕಚೇರಿಯೊಳಗೆ ಕಂಪ್ಯೂಟರುಗಳನ್ನು ಜೋಡಿಸಲು ಮಾಡಿದ ಈಥರ್‌ನೆಟ್ ತಂತಿಯನ್ನು ಇವರು ಕಟ್ಟಡಗಳ ನಡುವೆ ಎಳೆದರು. ಅದರ ಮಿತಿ 100 ಮೀಟರ್. ಆದ್ದರಿಂದ ದಾರಿಯಲ್ಲಿ ಅಲ್ಲಲ್ಲಿ ಗಚ್ಚಿಯ ಮೇಲೆ ಒಂದು ಸ್ವಿಚ್ಚು, ಅದಕ್ಕೆ ಲಿಫ್ಟ್ ಕೋಣೆಯಿಂದಲೋ ಮೆಟ್ಟಿಲ ದೀಪದಿಂದಲೋ ವಿದ್ಯುತ್ತು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಸಿಡಿಲು ಬಡಿದರೆ ಸಾಲು ಸಾಲಾಗಿ ಸುಟ್ಟುಹೋಗುತ್ತಿದ್ದವು. ನಡುವಿನ ಕಟ್ಟಡದ ವಾಚ್‌ಮನ್ ಪ್ಲಗ್ ಕಿತ್ತರೆ ಇಡೀ ಗಲ್ಲಿ ಕತ್ತಲೆ. ತಾಂತ್ರಿಕವಾಗಿ ಇದಕ್ಕಿಂತ ದುರ್ಬಲವಾದ ವ್ಯವಸ್ಥೆಯನ್ನು ಕಲ್ಪಿಸುವುದು ಕಷ್ಟ. ಆದರೂ ಬಹಳ ಅಂಗಡಿಯವರು ಇದನ್ನೇ ಆರಿಸಿಕೊಂಡರು. ಕಾರಣ ಸರಳವಾಗಿದೆ. ಕೇಬಲ್‌ವಾಲಾ ಅದೇ ಗಲ್ಲಿಯವನು. ಕೂಗಿದರೆ ಬರುತ್ತಿದ್ದ, ಹಾಕಿದ ಚಹಾ ಆರುವುದರೊಳಗೆ ಏಣಿ ಹತ್ತಿರುತ್ತಿದ್ದ. ಸಂಪರ್ಕವು ತಿಂಗಳಿಗೆ ಎಷ್ಟು ಸಲ ಕೆಡುತ್ತದೆ ಎಂಬುದಕ್ಕಿಂತ, ಕೆಟ್ಟರೆ ಎಷ್ಟು ಹೊತ್ತು ಕೆಟ್ಟೇ ಇರುತ್ತದೆ ಎಂಬುದೇ ವ್ಯಾಪಾರಿಗೆ ಮುಖ್ಯ. ಈ ವಿಷಯದಲ್ಲಿ ಅಂಗಡಿಯವರ ವಿವೇಕವನ್ನು ನಾವು ಇಂಜಿನಿಯರುಗಳ ವಿವೇಕಕ್ಕಿಂತ ಮೇಲೆಂದೇ ಎಣಿಸುತ್ತೇವೆ.

2016 ಎಲ್ಲವನ್ನೂ ಮಗುಚಿ ಹಾಕಿದ ವರ್ಷ. ಏಪ್ರಿಲಿನಲ್ಲಿ ಯು.ಪಿ.ಐ., ಸೆಪ್ಟೆಂಬರಿನಲ್ಲಿ ಜಿಯೋದ 4ಜಿ, ನವೆಂಬರ್ ಎಂಟರ ರಾತ್ರಿ ಐನೂರು, ಸಾವಿರದ ನೋಟುಗಳ ರದ್ದತಿ. ಮರುವರ್ಷ ಜುಲೈ ಒಂದರಿಂದ ಜಿ.ಎಸ್.ಟಿ. ಅಲ್ಲಿಯವರೆಗೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತಿದ್ದ ವ್ಯಾಪಾರಗಳಿಗೆ ಇನ್ನು ಅದು ತಕ್ಕಡಿಯಷ್ಟೇ ಅಗತ್ಯವಾಯಿತು. ಆದರೆ ಎಲ್ಲರಿಗೂ ಒಂದೇ ಬಗೆಯಲ್ಲಿ ಅಲ್ಲ. ಚಹಾದಂಗಡಿಯವನ ಮುಂದಿನ ಹಣ ಬಂತೆಂದು ಕೂಗುವ ಡಬ್ಬಿಯೊಳಗೆ ಅದರದೇ ಸಿಮ್ ಇರುತ್ತದೆ. ಗಿರಾಕಿ ಹಣ ಕಳುಹಿಸುವುದು ಗಿರಾಕಿಯ ಫೋನಿನಿಂದ. ಅವನಿಗೆ ಬೇರೆ ಸಂಪರ್ಕವೇ ಬೇಡ. ಮನೆಬಾಗಿಲಿಗೆ ತಿಂಡಿ ತಲುಪಿಸುವ ಕಂಪನಿಗಳನ್ನು ಸೇರಿರುವ ಹೋಟೆಲಿನ ಪರಿಸ್ಥಿತಿ ಬೇರೆ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಸಂಪರ್ಕ ಕಡಿದರೆ ಆರ್ಡರ್ ಬರುವುದು ನಿಂತಿತು. ಬೇಯಿಸಿದ ಅನ್ನ ಹಾಗೆಯೇ ಉಳಿಯಿತು. 2020ರ ಮಾರ್ಚಿನ ಲಾಕ್‌ಡೌನಿನ ನಂತರ ಎಷ್ಟೋ ಹೋಟೆಲುಗಳಿಗೆ ಅದೇ ಜೀವನಾಧಾರವಾಯಿತೆಂಬುದನ್ನು ಇಲ್ಲಿ ನೆನೆಯಬೇಕು.

ಮೊಬೈಲ್ ಸಂಪರ್ಕ ಒಂದಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಇಲ್ಲಿಯೇ ಹಳೆಯ ‘ಪಿ.ಪಿ. ನಂಬರು’ ಮತ್ತೆ ಬರುತ್ತದೆ. ಇಂಟರ್‌ನೆಟ್ಟಿನ ಹಳೆಯ ಪದ್ಧತಿಯ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ನಮ್ಮ ಏಷ್ಯಾ ವಲಯದಲ್ಲಿ 2011ರ ಏಪ್ರಿಲಿನಲ್ಲಿಯೇ ಅವು ಬಹುಮಟ್ಟಿಗೆ ಮುಗಿದುಹೋದವು. ಆದ್ದರಿಂದ ಮೊಬೈಲ್ ಕಂಪನಿಗಳೂ ಅನೇಕ ಫೈಬರ್ ಕಂಪನಿಗಳೂ ಬಹಳ ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಒಳಗಿನಿಂದ ಹೊರಗೆ ಹೋಗಲು ಅಡ್ಡಿಯಿಲ್ಲ. ಹೊರಗಿನವರು ನೇರವಾಗಿ ನಿಮ್ಮ ಅಂಗಡಿಯ ಕಂಪ್ಯೂಟರಿಗೆ ಬರಲು ದಾರಿಯಿಲ್ಲ. ಮುಲುಂಡಿನ ಅಂಗಡಿಯ ಲೆಕ್ಕವನ್ನು ಡೊಂಬಿವಲಿಯ ಶಾಖೆಯಿಂದ ನೇರವಾಗಿ ತೆರೆಯಬೇಕೆನ್ನುವವರು ‘ಸ್ಟ್ಯಾಟಿಕ್ ಐ.ಪಿ.’ ಎಂಬ ಸ್ವಂತ ವಿಳಾಸವನ್ನು ಕೇಳಿ, ಬೇರೆ ಶುಲ್ಕ ಕೊಟ್ಟು ಪಡೆಯಬೇಕಾಗುತ್ತದೆ. ಅಂಥ ಕೆಲಸವಿಲ್ಲದವರು ಆ ದುಡ್ಡು ಕೊಡಬೇಕಾಗಿಲ್ಲ.

ಇಂದು ಬಹುಪಾಲು ಅಂಗಡಿಗಳಿಗೆ ಬರುತ್ತಿರುವುದು ಗಾಜಿನ ಎಳೆ, ಅರ್ಥಾತ್ ಫೈಬರ್. ಕೂದಲಿನಷ್ಟು ತೆಳ್ಳಗಿನ ಎಳೆಯಲ್ಲಿ ಒಂದು ಬಣ್ಣದ ಬೆಳಕು ಇಳಿಯಲು, ಇನ್ನೊಂದು ಬಣ್ಣದ್ದು ಏರಲು. ಎರಡೂ ನಮ್ಮ ಕಣ್ಣಿಗೆ ಕಾಣದ ಬಣ್ಣಗಳು. ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಎಳೆಯ ಸುಮಾರು ಎರಡೂವರೆ ಗಿಗಾಬಿಟ್ ವೇಗವನ್ನು ವಿದ್ಯುತ್ ಬೇಡದ ಗಾಜಿನ ಕವಲಿನಿಂದ 32 ಅಥವಾ 64 ಗಿರಾಕಿಗಳಿಗೆ ಹಂಚುತ್ತಾರೆ. 20 ಕಿಲೋಮೀಟರಿನವರೆಗೆ ದೂರದ ಚಿಂತೆಯಿಲ್ಲ. ಗಾಜಿನಲ್ಲಿ ಹರಿಯುವುದು ಬೆಳಕಾದ್ದರಿಂದ ತಾಮ್ರಕ್ಕಿದ್ದಷ್ಟು ನೀರಿನ ಭಯ, ಸಿಡಿಲಿನ ಭಯ ಇದಕ್ಕಿಲ್ಲ. ಏರುವ ವೇಗವನ್ನೂ ಹಲವರು ಇಳಿಯುವಷ್ಟೇ ಕೊಡುತ್ತಾರೆ. ನಮ್ಮ ಡಿ.ಟಿ.ಪಿ. ಅಂಗಡಿಯ ಆ 10 ಮೆಗಾಬೈಟ್ ಪುಟ 100 ಮೆಗಾಬಿಟ್ ವೇಗದಲ್ಲಿ ಒಂದು ಸೆಕೆಂಡಿನೊಳಗೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ತಂತಿ ಸದ್ಯಕ್ಕೆ ಸಣ್ಣ ವ್ಯಾಪಾರಕ್ಕೆ ಇಲ್ಲವೆಂದು ನಾವು ಧಾರಾಳವಾಗಿ ಹೇಳಬಲ್ಲೆವು.

ಆದರೆ ತಾಮ್ರದಲ್ಲಿದ್ದ ಒಂದು ಗುಣ ಗಾಜಿನಲ್ಲಿಲ್ಲ. ಹಳೆಯ ಕರಿ ಫೋನಿಗೆ ಬೇಕಾದ ವಿದ್ಯುತ್ತು ಅದೇ ತಂತಿಯಲ್ಲಿ ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿಯಿಂದ ಬರುತ್ತಿತ್ತು. ಊರಿನಲ್ಲಿ ಕರೆಂಟು ಹೋದರೂ ಫೋನು ಸಾಯುತ್ತಿರಲಿಲ್ಲ. ಫೈಬರಿನ ಕೊನೆಯಲ್ಲಿರುವ ಡಬ್ಬಿಗೆ ನಮ್ಮ ಗೋಡೆಯ ಕರೆಂಟೇ ಬೇಕು. 2020ರ ಅಕ್ಟೋಬರ್ 12ರಂದು ಬೆಳಿಗ್ಗೆ ಗ್ರಿಡ್ ಕೆಟ್ಟು ಮುಂಬಯಿಯ ಲೋಕಲ್ ಟ್ರೇನುಗಳೇ ನಿಂತಾಗ, ಆ ಡಬ್ಬಿಗೆ ಬ್ಯಾಟರಿ ಇಟ್ಟುಕೊಂಡಿರದ ಅಂಗಡಿಗಳಲ್ಲಿ ಅದರ ದೀಪಗಳು ಆರಿದವು. ಅದಕ್ಕೆ ಬೇಕಾಗುವ ವಿದ್ಯುತ್ತು ತೀರ ಅಲ್ಪ. ರೌಟರಿಗೆಂದೇ ಮಾರುವ ಪುಟ್ಟ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ. ವೇಗದ ಯೋಜನೆಯನ್ನು ಒಂದು ಮೆಟ್ಟಿಲು ಇಳಿಸಿ, ಉಳಿದ ದುಡ್ಡಿನಲ್ಲಿ ಇದನ್ನು ಕೊಳ್ಳುವುದು ಮೇಲು.

ಇನ್ನು ಎರಡನೆಯ ಸಂಪರ್ಕದ ವಿಚಾರ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಎರಡು ಕೇಬಲ್ಲುಗಳು ಕಡಿದು ಭಾರತದ ಇಂಟರ್‌ನೆಟ್ ಬಹುವಾಗಿ ಕುಂಠಿತವಾಯಿತು. ಎರಡು ಬೇರೆ ಬೇರೆ ಕೇಬಲ್ಲುಗಳಿದ್ದವು ನಿಜ, ಆದರೆ ಸಾಗುತ್ತಿದ್ದುದು ಒಂದೇ ನೀರಿನಲ್ಲಿ. ನಮ್ಮ ಅಂಗಡಿಗಳಲ್ಲಿಯೂ ಇದೇ ನಡೆಯುತ್ತಿದೆ. ಎರಡು ಕಂಪನಿಗಳ ಫೈಬರ್ ಹಾಕಿಸಿ ನಿಶ್ಚಿಂತರಾದವರ ಎರಡೂ ಎಳೆಗಳು ಒಂದೇ ಕೊಳವೆಯಲ್ಲಿ, ಒಂದೇ ಗಚ್ಚಿಯ ಮೇಲಿಂದ ಇಳಿದಿರುತ್ತವೆ. ರಸ್ತೆ ಅಗೆಯುವವನ ಹಾರೆಗೆ ಕಂಪನಿಗಳ ಭೇದ ತಿಳಿಯದು. ಮಧ್ಯಾಹ್ನದ ಎರಡು ಗಂಟೆಯ ವ್ಯಾಪಾರವೇ ಪ್ರಾಣವಾಗಿರುವ ಹೋಟೆಲಿನವರು ಒಂದು ಫೈಬರ್, ಇನ್ನೊಂದು ಬೇರೆ ಕಂಪನಿಯ ಸಿಮ್ ಹಾಕಿದ ರೌಟರ್ ಇಟ್ಟುಕೊಳ್ಳುವುದು ಎರಡು ಫೈಬರುಗಳಿಗಿಂತ ಒಳ್ಳೆಯದು. ಒಂದು ನೆಲದ ದಾರಿ, ಇನ್ನೊಂದು ಗಾಳಿಯ ದಾರಿ. 2022ರ ಅಕ್ಟೋಬರಿನಿಂದ 5ಜಿಯೂ ಬಂದಿರುವುದರಿಂದ ಗಾಳಿಯ ದಾರಿಯೂ ಈಗ ಸಾಕಷ್ಟು ಅಗಲವಾಗಿದೆ. ಫೈಬರನ್ನೇ ಎರಡು ಹಾಕಿಸುವೆವೆನ್ನುವವರು ಸಹಿ ಹಾಕುವ ಮುನ್ನ ಒಮ್ಮೆ ಮೇಲೆ ಹತ್ತಿ, ಯಾವ ಎಳೆ ಎಲ್ಲಿಂದ ಬರುತ್ತಿದೆ ಎಂದು ಕಣ್ಣಾರೆ ನೋಡಬೇಕು. ಗಚ್ಚಿಯ ಬೀಗದ ಕೈ ಸಾಮಾನ್ಯವಾಗಿ ಸೊಸೈಟಿಯ ವಾಚ್‌ಮನ್ ಹತ್ತಿರ ಇರುತ್ತದೆ.